ಅವರ ಕೈಬರಹದ ಅಳತೆ

"ಅಲ್ಲಾಡಬೇಡಿ ಅತ್ತೆ, ಗುಂಡುಸೂಜಿ ಚುಚ್ಚುತ್ತೆ," ಎನ್ನುತ್ತ ಸೊಸೆ ಮಂಡಿಯೂರಿ, ನೆಲ ಗುಡಿಸುತ್ತಿದ್ದ ನಿಲುವಂಗಿಯ ಅಂಚನ್ನು ಮಡಿಸಿದಳು. ದರ್ಜಿಯಾಗಿದ್ದ ಅತ್ತೆಯ ಗಂಡ ಹೊಲಿದುಕೊಟ್ಟ ಕೊನೆಯ ಬಟ್ಟೆ ಅದು. ಅವನು ತೀರಿಕೊಂಡ ಮೇಲೆ ಆರು ವರ್ಷ ಪೆಟ್ಟಿಗೆಯಲ್ಲೇ ಇತ್ತು.

"ಮಾವನವರು ಎರಡಿಂಚು ಉದ್ದ ಹೊಲಿದುಬಿಟ್ಟಿದ್ದಾರೆ."

"ಅವರ ಅಳತೆಗೆ ಹೆಸರಿಡಬೇಡ ಕಣೆ! ಅವರ ಅಳತೆ ಪುಸ್ತಕ ತಾ."

ಪುಸ್ತಕದಲ್ಲಿ ಅವನದೇ ದುಂಡು ಅಕ್ಷರ: ಮನೆಯವಳು, ಹೆಗಲಿಂದ ಪಾದದವರೆಗೆ ಐವತ್ತನಾಲ್ಕು. ಸೊಸೆ ಅತ್ತೆಯ ಹೆಗಲಿಂದ ಟೇಪು ಹಿಡಿದು ನೋಡಿದಳು, ಐವತ್ತೆರಡು. ಮತ್ತೊಮ್ಮೆ ಹಿಡಿದರೂ ಅಷ್ಟೇ.

"ಬಟ್ಟೆ ಸರಿಯಾಗೇ ಇದೆ ಅತ್ತೆ. ಕುಗ್ಗಿರೋದು ನೀವು. ಎತ್ತರ ಕಮ್ಮಿಯಾಗಿದೆಯಾ ಅಂತ ಡಾಕ್ಟರು ಅವತ್ತು ಕೇಳಿದ್ದೂ ಇದಕ್ಕೇ ಅಲ್ವಾ?"

ಮೂಳೆ ಸಾಂದ್ರತೆ ಪರೀಕ್ಷೆಗೆಂದು ಡಾಕ್ಟರು ಬರೆದ ಚೀಟಿಯನ್ನು, ದೇವರು ಕೊಟ್ಟ ಮೂಳೆ ಅವನೇ ನೋಡಿಕೊಳ್ಳಲಿ ಎಂದು, ಅತ್ತೆ ಪ್ರಾರ್ಥನೆಯ ಪುಸ್ತಕದೊಳಗೆ ಸೇರಿಸಿ ತಿಂಗಳಾಗಿತ್ತು. ಈಗ ಆ ಅಂಕಿಯ ಮೇಲೆ ಬೆರಳಾಡಿಸುತ್ತ ನಿಂತಳು. ನೋಡಿಕೊಳ್ಳುವವನು ಮರೆತಿರಲಿಲ್ಲ, ಅವಳು ಎಂದೂ ಅಲ್ಲಗಳೆಯದ ಗಂಡನ ಕೈಬರಹದಲ್ಲೇ ಹೇಳಿಕಳಿಸಿದ್ದ. ಕಣ್ಣು ತುಂಬಿ, ಅಳತೆ ಪುಸ್ತಕವನ್ನು ಹಣೆಗೊತ್ತಿಕೊಂಡಳು.

"ಅಂಚು ಮಡಿಸಿ ಹೊಲಿ, ಕತ್ತರಿ ಹಾಕಬೇಡ," ಎಂದಳು. "ನಾಳೆ ಪರೀಕ್ಷೆಗೆ ಇದನ್ನೇ ತೊಟ್ಟುಕೊಂಡು ಬರ್ತೀನಿ."