ಕಣ್ಣಿನ ಸರದಿ

ಜಾಲಹಳ್ಳಿಯ ಮೇಲೆ ಬ್ರಿಟಿಷರ ಯುದ್ಧವಿಮಾನಗಳು ಯಾರಾದರೂ ನೋಡುತ್ತಿದ್ದರೆ ಮಾತ್ರ ಹಾರುತ್ತಿದ್ದವು. ನೋಟ ತಪ್ಪಿದರೆ ಕಲ್ಲಿನ ಹಾಗೆ ಬೀಳುತ್ತಿದ್ದವು. ನೋಡುವುದಕ್ಕೇ ಚೆನ್ನಾಜಮ್ಮನಿಗೆ ಸಂಬಳ. ರೆಪ್ಪೆ ಬಡಿಯುವುದಕ್ಕಷ್ಟೇ ಮಾಫಿ. ಮುಂದಿನ ಸರದಿಯವರು ಬಂದು "ನನ್ನ ಕಣ್ಣಿಗೆ ಬಂತು" ಎಂದ ಮೇಲೆಯೇ ಕತ್ತು ಇಳಿಸಬೇಕು.

ಆ ಮಧ್ಯಾಹ್ನ ಮುಂದಿನ ಸರದಿಯ ನಂಜಪ್ಪ ಬರಲಿಲ್ಲ. ಬಂದವಳು ಚೆನ್ನಾಜಮ್ಮನ ಮಗಳು ಸುಶೀಲ. ನರ್ಸಾಗಿ ಯುದ್ಧಕ್ಕೆ ಹೊರಟಿದ್ದಳು. ಅವಳನ್ನು ಒಯ್ಯುವ ಲಾರಿ ಗೇಟಿನಲ್ಲಿ ಹಾರನ್ ಹೊಡೆಯುತ್ತಿತ್ತು.

"ಅವ್ವ, ಹೊರಟೆ ಕಣೆ. ಒಂದ್ಸಲ ತಿರುಗಿ ನೋಡು."

"ಹೆಂಗೆ ನೋಡ್ಲಿ? ಮೇಲೆ ವಿಮಾನದಲ್ಲಿ ಪೀಟರ್ಸ್ ದೊರೆ ಅವ್ನೆ. ಹೊಸ ಬಟ್ಟೆ ಹಾಕ್ಕೊಂಡಿದ್ದೀಯಾ?"

"ಹೂಂ, ಬಿಳೀದು. ಟೋಪೀನೂ ಕೊಟ್ಟವ್ರೆ. ನಿನ್ನ ಕಣ್ಣೆದುರು ಬೆಳೆದೋರು ದೊರೆಗಳೇ ಬಿಡು, ನಾನಲ್ಲ."

ಸುಶೀಲ ಪಕ್ಕದಲ್ಲಿ ಬಂದು ನಿಂತಳು. "ನನ್ನ ಕಣ್ಣಿಗೆ ಬಂತು" ಎಂದಳು.

ಚೆನ್ನಾಜಮ್ಮನ ಕತ್ತು ತಾನಾಗಿಯೇ ಇಳಿಯಿತು. ಬಿಳಿ ಟೋಪಿ ಕಂಡಿತು, ಗದ್ದದ ಮಚ್ಚೆ ಕಂಡಿತು. ಆದರೆ ಮಗಳ ಕಣ್ಣು ಆಕಾಶದಲ್ಲಿತ್ತು. ಕತ್ತು ಥೇಟ್ ತನ್ನ ಹಾಗೆಯೇ ಹಿಂದಕ್ಕೆ ಬಾಗಿತ್ತು.

"ನೋಡ್ಕೊಂಡ್ಯಾ ಅವ್ವ?"

ಲಾರಿ ಮತ್ತೆ ಕೂಗಿತು. ನಂಜಪ್ಪನ ಸುಳಿವಿರಲಿಲ್ಲ. ತಾನು ಮೇಲೆ ನೋಡದಿದ್ದರೆ ಇವಳು ಇಲ್ಲೇ ನಿಂತುಬಿಡುತ್ತಾಳೆ.

ಚೆನ್ನಾಜಮ್ಮ ಮಗಳ ಕೆನ್ನೆ ಸವರಿದಳು. ಆಮೇಲೆ ತಲೆಯೆತ್ತಿ ವಿಮಾನವನ್ನು ಹುಡುಕಿ ಹಿಡಿದಳು.

"ನನ್ನ ಕಣ್ಣಿಗೆ ಬಂತು. ಓಡು."

ಮಗಳು ಈಗ ತನ್ನ ಕಡೆಗೆ ತಿರುಗಿದ್ದಾಳೆಂದು ಅವಳಿಗೆ ಗೊತ್ತಾಯಿತು. ಕಾಣಲಿಲ್ಲ.