ತಗಡು ಕಿತ್ತ ಜಾಗ

ಮಹದೇವು ಎಂಜಿನ್ನಿನ ಹಿಡಿ ತಿರುವಿದ್ದೇ ತಡ, ದೋಣಿಯ ಮೂತಿ ಆಕಾಶ ನೋಡಿತು. ಹಿಂಭಾಗ ಕೆರೆಯ ನೀರಿಗೆ ಕುಸಿದು ಕೂತಿತು. ಗಾಬರಿಯಾಗಿ ಅವನು ವೇಗವನ್ನು ಒಮ್ಮೆಲೇ ತಗ್ಗಿಸಿದ. ಬೆನ್ನ ಹಿಂದೆ ಬರುತ್ತಿದ್ದ ಅಲೆ ಮಾತ್ರ ತಗ್ಗಲಿಲ್ಲ. ಎಂಜಿನ್ನನ್ನು ಹತ್ತಿ ಒಳಕ್ಕೆ ಸುರಿಯಿತು. ಕೂತಿದ್ದ ಆರು ಜನರೂ ಒಂದೇ ಕಡೆಗೆ ವಾಲಿದರು. ಅವನ ಹೆಂಡತಿ ಶೋಭಿತಾ ಕೂಗಲು ಬಾಯಿ ತೆರೆಯುವಷ್ಟರಲ್ಲಿ ಬಾಯಿ ತುಂಬ ನೀರು.

ದಡ ಹತ್ತಿರವಿದ್ದದ್ದರಿಂದ ಕಾಲಿಗೆ ನೆಲ ಸಿಕ್ಕಿತು. ಕೆಮ್ಮುತ್ತಾ ತಿರುಗಿ ನೋಡಿದಳು. ಗಂಡ ಇದ್ದ, ಅವನ ಮೂವರು ಗೆಳೆಯರಿದ್ದರು. ಅತ್ತೆ ಇರಲಿಲ್ಲ. ಮಗುಚಿದ ದೋಣಿಯನ್ನು ಎಲ್ಲರೂ ಸೇರಿ ಎತ್ತಿದಾಗ ಚಿಕ್ಕಮಾದಮ್ಮ ಅದರಡಿ ಸಿಕ್ಕಿದರು. ದಡಕ್ಕೆ ತಂದು ಮಲಗಿಸಿ ಬೆನ್ನು ಉಜ್ಜಿದ ಮೇಲೆ ಉಸಿರು ಬಂತು. ಕಣ್ಣೂ ಬಿಟ್ಟರು. ಮಾತು ಬರಲಿಲ್ಲ.

ಕೆರೆಯ ಮೀನು ಗುತ್ತಿಗೆ ಹಿಡಿದಿದ್ದ ಮಹದೇವು ಎಲ್ಲಿಂದಲೋ ಆ ಹಳೇ ಫೈಬರ್ ದೋಣಿ ತಂದಿದ್ದ. ಅದೇ ದಿನ ಬೆಳಿಗ್ಗೆ ದೋಣಿಯ ಪೂಜೆಗೆಂದು ಕೆಸರು ಉಜ್ಜುವಾಗ ಅದರ ಹಿಂಬದಿಯಲ್ಲಿ ಶೋಭಿತಾಗೆ ಒಂದು ಪುಟ್ಟ ತಗಡು ಕಂಡಿತ್ತು. ನಾಲ್ಕು ಜನ, ಹತ್ತು ಎಚ್‌ಪಿ ಎಂಜಿನ್ನು, ಅದಕ್ಕಿಂತ ಹೆಚ್ಚು ಬೇಡ ಎಂದು ಇಂಗ್ಲಿಷಿನಲ್ಲಿ ಅಚ್ಚು ಹಾಕಿತ್ತು.

“ನಮ್ ಎಂಜಿನ್ನು ಎಷ್ಟು?” ಎಂದು ಅವಳು ಕೇಳಿದ್ದಳು.

“ಇಪ್ಪತ್ತೈದು. ಜಾಸ್ತಿ ಇದ್ರೆ ಒಳ್ಳೇದೇ ಕಣಮ್ಮಿ. ದೊಡ್ಡ ಮೋಟ್ರು ನೀರು ಜಾಸ್ತಿ ಎತ್ತಲ್ವಾ?”

“ಜನಾನೂ ನಾಕೇ ಅಂತ ಅದೆ.”

“ಆಟೋದಲ್ಲೂ ಮೂರೇ ಅಂತ ಬರ್ದಿರ್ತಾರೆ. ಏಳು ಜನ ಕುಂತ್ಕಂಡು ಮಳವಳ್ಳಿಗೆ ಓಗಲ್ವಾ? ಸುಮ್ಕೆ ಬಾ.”

ಅವಳು ಸುಮ್ಮನೆ ಹೋಗಿದ್ದಳು. ಅತ್ತೆಯನ್ನು ಕೈ ಹಿಡಿದು ಹತ್ತಿಸಿದ್ದೂ ಅವಳೇ.

ಪೆಟ್ಟೇನೂ ಇಲ್ಲ, ಹೆದರಿಕೆ ಇಳಿದರೆ ಮಾತು ಬರುತ್ತದೆ ಎಂದು ಡಾಕ್ಟರು ಮನೆಗೆ ಕಳಿಸಿದರು. ಆ ವಾರವೇ ಹೊಳೆ ಕಡೆಯ ರೈತ ಮರಿಯಯ್ಯ ದೋಣಿ ಕೊಳ್ಳಲು ಬಂದರು. ಮನೆ ಮುಂದೆ ತೊಳೆದು ನಿಲ್ಲಿಸಿದ್ದ ದೋಣಿ ಹೊಸದರಂತೆ ಹೊಳೆಯುತ್ತಿತ್ತು. ಟೀ ಹಿಡಿದು ಬಂದ ಶೋಭಿತಾಳ ಕಣ್ಣು ಅದರ ಹಿಂಬದಿಗೆ ಹೋಗಿ ನಿಂತಿತು. ತಗಡಿರಲಿಲ್ಲ. ಅದಿದ್ದ ಜಾಗದಲ್ಲಿ ಹಸಿ ಬಣ್ಣ.

“ಎಷ್ಟ್ ಜನ ಕೂರಬೌದು ಮಾದೇವು?” ಮರಿಯಯ್ಯ ಕೇಳಿದರು. “ಹೊಳೆಯಾಚೆ ಗದ್ದೆ. ಕಳೆ ಕೀಳೋ ಹೆಣ್ಣಾಳುಗಳನ್ನ ದಾಟುಸ್ಬೇಕು.”

“ಎಂಟು ಜನ ಆರಾಮಾಗಿ ಕೂರ್ತಾರೆ ಕಣಣ್ಣ. ಎಂಜಿನ್ನೂ ಅಂಗೇ ಅದೆ, ಗಾಳಿ ತರ ಓಯ್ತದೆ.”

ಶೋಭಿತಾ ಗಂಡನ ಮುಖ ನೋಡಿದಳು. ಹೆತ್ತವಳಿಗಾಗಿ ನೀರಿನಲ್ಲಿ ಹುಚ್ಚನಂತೆ ತಡಕಾಡಿದವನು ಇವನೇ. ಆ ಮುಖದಲ್ಲಿ ಈಗ ಒಂದು ಗೆರೆಯೂ ಅಲುಗಲಿಲ್ಲ.

ಲೋಟವನ್ನು ಜಗಲಿಯ ಮೇಲಿಟ್ಟಳು.

“ನಾವು ಆರು ಜನ ಕೂತಿದ್ದೊ ಅಣ್ಣ. ಮುಳುಗೋಯ್ತು. ನೀರಿಂದ ಎತ್ತಿದಾಗಿಂದ ನಮ್ಮತ್ತೆ ಬಾಯ್ ಬುಟ್ಟಿಲ್ಲ. ಒಳಗವ್ರೆ, ಬಂದು ನೋಡಿ.”

“ಲೇ...” ಎಂದ ಮಹದೇವು.

ಮರಿಯಯ್ಯ ಇಬ್ಬರನ್ನೂ ನೋಡಿದರು. ದೋಣಿಯ ಮೇಲಿಟ್ಟಿದ್ದ ಕೈ ತೆಗೆದರು. ಚಪ್ಪಲಿ ಬಿಟ್ಟು ಶೋಭಿತಾಳ ಹಿಂದೆಯೇ ಒಳಗೆ ಹೋದರು.

“ಅವ್ವಾ” ಎಂದು ಅವರು ಮೆಲ್ಲಗೆ ಕರೆದದ್ದು ಹೊರಗೆ ಕೇಳಿಸಿತು. ತಾಯಿಯ ಉತ್ತರಕ್ಕಾಗಿ ಮಹದೇವು ಅಂಗಳದಲ್ಲೇ ನಿಂತು ಕಾದ.