ಎದುರು ನೋಡುವ ಗುರು

ಗಾಜಿನ ಬಾಗಿಲಿನಾಚೆ ಮಗಳು ಆಮೆಯ ಕಡೆ ಬಾಗಿ ಏನೋ ಪಿಸುಗುಟ್ಟಿದಳು. ಆಮೆ ನಕ್ಕ. ಮೂವತ್ತು ವರ್ಷದಲ್ಲಿ ಮೂರೇ ಸಲ ನಕ್ಕ ಪ್ರಾಣಿ ಅದು! ಬಾಗಿಲಿನೀಚೆ ನಿಂತಿದ್ದ ಅವಳ ಅಪ್ಪ ಬಿರುಗಾಳಿಯ ಹೊಟ್ಟೆಯಲ್ಲಿ ಬೆಂಕಿ ಬಿತ್ತು.

ಆಮೆ, ಬಿರುಗಾಳಿ ಇಬ್ಬರೂ ಒಂದೇ ಡ್ರೈವಿಂಗ್ ಸ್ಕೂಲಿನ ಗುರುಗಳು. ಅಡ್ಡಹೆಸರು ಇಟ್ಟವರು ಶಿಷ್ಯರು. ಆಮೆ ಗಾಡಿ ಓಡಿಸಿದರೆ, ತಿರುಗುವ ಚಕ್ರದಲ್ಲೇ ಜೇಡ ಬಲೆ ಕಟ್ಟಿ, ಸಂಸಾರ ಹೂಡಿ, ಮೊಮ್ಮಕ್ಕಳ ಮುಖ ನೋಡುತ್ತಿತ್ತು. ಬಿರುಗಾಳಿಯ ಮಾತೇ ಬೇರೆ. ಅವನು ಹಾರ್ನ್ ಒತ್ತಿದರೆ ಮೂರು ಬೀದಿಯಾಚೆ ತೊಟ್ಟಿಲಲ್ಲಿ ಮಲಗಿದ ಕೂಸೂ ಪಕ್ಕಕ್ಕೆ ಸರಿಯುತ್ತಿತ್ತು. ಲಾರಿ, ಬಸ್ಸು, ಆಂಬುಲೆನ್ಸು ಎಲ್ಲವೂ ಗೌರವದಿಂದ ದಾರಿ ಬಿಟ್ಟು ಮಣ್ಣಿಗಿಳಿಯುತ್ತಿದ್ದವು. ಅವನ ಗಾಡಿಗೆ ಇವತ್ತಿನವರೆಗೆ ಒಂದು ಗೀರೂ ಬಿದ್ದಿಲ್ಲ. ಬೀಳುವುದಾದರೂ ಹೇಗೆ? ಹತ್ತಿರ ಬರುವ ಎದೆ ಯಾರಿಗಿತ್ತು?

ಈಗ ಸ್ಕೂಲಿಗೆ ಸಿಮ್ಯುಲೇಟರ್ ಬಂದಿತ್ತು. ಒಂದು ಸೀಟು, ಒಂದು ಸ್ಟೀರಿಂಗ್, ಕಾಲಡಿ ಮೂರು ಪೆಡಲ್, ಮುಖದ ಸುತ್ತ ಮೂರು ಪರದೆ. ಕೂತಲ್ಲೇ ರಸ್ತೆ, ಕೂತಲ್ಲೇ ಅಪಘಾತ. ಸತ್ತರೆ ಗುಂಡಿ ಒತ್ತಿ ಮತ್ತೆ ಹುಟ್ಟಬಹುದು. ಹೊಸಬರು ಇನ್ನು ಮುಂದೆ ಮೊದಲು ಇದರಲ್ಲೇ ಕೈ ಪಳಗಿಸಿಕೊಳ್ಳಬೇಕು. ಅದರೊಳಗೆ ಪಾಠ ಕಟ್ಟುವ ಕೆಲಸ ಮಗಳದು.

ಯಜಮಾನರು ಕಡ್ಡಿ ಮುರಿದಂತೆ ಹೇಳಿದ್ದರು: "ಯಂತ್ರ ಬಂದ್ಮೇಲೆ ಇಬ್ಬರು ಗುರುಗಳು ಯಾಕೆ? ಯಾರ ಓಟ ನೋಡಿ ಹೊಸಬರು ಕಲೀತಾರೋ ಅವರಿಗೆ ಈ ಕೋಣೆ ಬೀಗದಕೈ. ಇನ್ನೊಬ್ಬರು ಮನೇಲಿ ಆರಾಮಾಗಿ ಪೇಪರ್ ಓದ್ಲಿ."

ಮನೆಯಲ್ಲಿ ಪೇಪರ್! ಬಿರುಗಾಳಿಗೆ ಅದಕ್ಕಿಂತ ಜೀವಂತ ಹೂಳುವುದೇ ವಾಸಿ. ಬಾಗಿಲು ತಳ್ಳಿ ಒಳನುಗ್ಗಿದ.

"ಏನಮ್ಮಾ, ಅಪ್ಪನ ಬೆನ್ನ ಹಿಂದೆ ಏನು ಮಸಲತ್ತು?"

"ಮಸಲತ್ತೂ ಇಲ್ಲ, ಮಣ್ಣೂ ಇಲ್ಲ. ಇವರ ಓಟ ಯಂತ್ರಕ್ಕೆ ತುಂಬೋದು ಎರಡು ದಿನಕ್ಕೆ ಮುಗೀತು. ಬಾ, ಕೂತ್ಕೋ. ನಿನ್ನದು ತುಂಬಾ ಬೇಕು ನಂಗೆ."

ಬೆಂಕಿ ಆರಿತು. ಆಮೆಯ ವಿದ್ಯೆಗೆ ಎರಡು ದಿನವೂ ಹೆಚ್ಚೇ.

ಮೊದಲ ದಿನ ಬಿರುಗಾಳಿ ಯಂತ್ರಕ್ಕೆ ಅಳುಕಿ ನಯವಾಗಿ ಓಡಿಸಿದ. ಸಿಗ್ನಲ್ಲಿಗೆ ನಿಂತ. ತಿರುವಿನಲ್ಲಿ ಬಸ್ಸಿನ ಹಿಂದೆಯೇ ಉಳಿದ. ಮಗಳ ಮುಖ ಬಾಡಿತು.

"ಇದು ನೀನಲ್ಲ ಅಪ್ಪಾ. ದಿನಾ ರೋಡಲ್ಲಿ ಹೇಗೆ ಓಡಿಸ್ತೀಯೋ ಹಾಗೇ ಓಡ್ಸು. ಒಂಚೂರೂ ಬದಲಾಯಿಸ್ಬೇಡ."

ಅಷ್ಟು ಸಾಕಾಯಿತು. ಮುಂದಿನ ಇಪ್ಪತ್ತು ದಿನ ಮೂರು ಪರದೆಗಳಿಗೂ ಚಳಿಜ್ವರ. ಹಾರ್ನಿನ ಗುಂಡಿ ಎರಡು ಸಲ ಕಿತ್ತು ಕೈಗೆ ಬಂತು. ಬ್ರೇಕ್ ಪೆಡಲ್ ಮಾತ್ರ ಅಂಗಡಿಯಿಂದ ಈಗಷ್ಟೇ ತಂದಂತೆ ಹೊಳೆಯುತ್ತಿತ್ತು. ಮಗಳು ಬರೆದುಕೊಂಡದ್ದೇ ಬರೆದುಕೊಂಡದ್ದು.

"ಅಬ್ಬಾ! ನಾನು ವರ್ಷಗಟ್ಟಲೆ ಕೂತು ಯೋಚಿಸಿದ್ರೂ ಇಂಥದ್ದು ಹೊಳೀತಿರಲಿಲ್ಲ."

"ರಕ್ತದಲ್ಲೇ ಬರಬೇಕಮ್ಮಾ ಇದೆಲ್ಲ," ಎಂದು ಬಿರುಗಾಳಿ ಎದೆಯುಬ್ಬಿಸಿದ. ಅಂಗಿಯ ಗುಂಡಿಯೊಂದು ಹಾರಿ ಗೋಡೆಗೆ ಬಡಿಯಿತು. ಆರು ವರ್ಷದವಳಿದ್ದಾಗ ಅವಳನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಊರೆಲ್ಲ ಸುತ್ತಿಸುತ್ತಿದ್ದ. ಕೂಸು ದಾರಿಯುದ್ದಕ್ಕೂ ಕಣ್ಣು ಮುಚ್ಚಿ, ಕೈ ಮುಗಿದುಕೊಂಡೇ ಕೂರುತ್ತಿತ್ತು. ಅಪ್ಪನ ಮೇಲೆ ಅಷ್ಟು ಭಕ್ತಿ!

ಕೊನೆಯ ದಿನ ಆಮೆ ತಾನಾಗಿಯೇ ಬಂದು ಕೈ ಕುಲುಕಿದ.

"ಗುರುವೇ, ಇನ್ಮೇಲೆ ಹೊಸಬರೆಲ್ಲ ನಿನ್ನನ್ನೇ ಎದುರು ನೋಡ್ತಾರೆ ಬಿಡು."

ಸೋತವನ ಹೊಗಳಿಕೆಯಷ್ಟು ಸಿಹಿ ಜಗತ್ತಿನಲ್ಲಿ ಇನ್ನೊಂದಿಲ್ಲ. "ಬೇಜಾರ್ ಮಾಡ್ಕೋಬೇಡಯ್ಯಾ," ಎಂದ ಬಿರುಗಾಳಿ, ಅವನ ಬೆನ್ನು ತಟ್ಟಿ. "ನಿನ್ನ ಮನೆಗೆ ಪೇಪರ್ ನಾನೇ ಹಾಕಿಸ್ತೀನಿ."

ಯಂತ್ರ ಶುರುಮಾಡುವ ಬೆಳಗ್ಗೆ ಬಿರುಗಾಳಿ ಹೊಸ ಅಂಗಿ ತೊಟ್ಟು ಬಂದ. ಅದರ ಇಸ್ತ್ರಿ ಗೆರೆಯಲ್ಲಿ ತರಕಾರಿ ಹೆಚ್ಚಬಹುದಿತ್ತು. ಯಜಮಾನರ ಕೈಯಲ್ಲಿ ಬೀಗದಕೈ. ಕಲಿಯಲು ಬಂದ ಮೊದಲನೆಯವಳು ಆಸ್ಪತ್ರೆಯ ನರ್ಸಮ್ಮ. ಸೀಟಿನಲ್ಲಿ ಕೂತು ಸ್ಟೀರಿಂಗ್ ಅಪ್ಪಿಕೊಂಡಳು.

ಪರದೆಯ ಮೇಲೆ ರಸ್ತೆ ತೆರೆಯಿತು. ಮುಂದೆ ಒಂದು ನೀಲಿ ಕಾರು. 'ಇದನ್ನು ಹಿಂಬಾಲಿಸಿ' ಎಂಬ ಅಕ್ಷರಗಳು. ನೀಲಿ ಕಾರು ತೆವಳಿತು. ಸಿಗ್ನಲ್ ಕೊಟ್ಟು ತಿರುಗಿತು. ಇರುವೆಗೂ ನಿಂತು ದಾರಿ ಕೊಟ್ಟಿತು. ಸಾಕ್ಷಾತ್ ಆಮೆಯ ಓಟ!

ಬಿರುಗಾಳಿ ನಕ್ಕ. ಅಂಬೆಗಾಲಿನವರಿಗೆ ಮೊದಲು ಅಂಬೆಗಾಲಿನ ಪಾಠ. ಸರಿಯೇ. ತನ್ನದು ಈಗ ಬರುತ್ತದೆ. ಮಗಳ ಕಡೆ ಹುಬ್ಬು ಹಾರಿಸಿದ. ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ.

ಬಂತು.

ತಿರುವಿನಲ್ಲಿ, ಬಸ್ಸೊಂದನ್ನು ಹಿಂದಿಕ್ಕಿ, ರಸ್ತೆಯ ತಪ್ಪು ಬದಿಯಲ್ಲಿ, ದೀಪ ಉರಿಸಿಕೊಂಡು, ಅರಚಿಕೊಂಡು, ಕೆಂಪು ಲಾರಿಯೊಂದು ನರ್ಸಮ್ಮನ ಮುಖಕ್ಕೇ ಬಂತು. ಅವಳು ಚೀರಿ ಸ್ಟೀರಿಂಗ್ ಎಳೆದಳು. ನೆರೆದವರೆಲ್ಲ ನಿಂತಲ್ಲೇ ವಾಲಿದರು. ಬಿರುಗಾಳಿಯೊಬ್ಬ ವಾಲಲಿಲ್ಲ. ತನ್ನ ಕೈಬರಹ ಯಾರಿಗೆ ಗುರುತು ಸಿಗುವುದಿಲ್ಲ? ಲಾರಿಯ ಹಿಂದೆ ವ್ಯಾನು. ವ್ಯಾನಿನ ಹಿಂದೆ ಬೈಕು. ಪರದೆಯೊಳಗಿನ ಊರಿನ ತಲೆಕೆಟ್ಟ ಗಾಡಿಗಳನ್ನೆಲ್ಲ ಅವನೊಬ್ಬನೇ ಓಡಿಸುತ್ತಿದ್ದ.

ಚಪ್ಪಾಳೆಯ ನಡುವೆ ಯಜಮಾನರು ಬೀಗದಕೈಯನ್ನು ಆಮೆಯ ಅಂಗೈಯಲ್ಲಿಟ್ಟರು.

"ಮಗಳೇ..." ಎಂದ ಬಿರುಗಾಳಿ. ಜೀವಮಾನದಲ್ಲಿ ಮೊದಲ ಸಲ ಅವನ ದನಿ ಯಾರಿಗೂ ಕೇಳಲಿಲ್ಲ.

ಯಂತ್ರದೊಳಗಿಂದ ಮಗಳ ದನಿಯೇ ನರ್ಸಮ್ಮನಿಗೆ ನಿಧಾನವಾಗಿ ಹೇಳುತ್ತಿತ್ತು: "ಹೆದರ್ಬೇಡಿ. ಇವರು ದಾರಿ ಬಿಡಲ್ಲ. ತಿದ್ದೋಕೂ ಹೋಗ್ಬೇಡಿ, ಆರು ವರ್ಷದವಳಿದ್ದಾಗಿಂದ ನಾನು ಹೇಳಿ ಹೇಳಿ ಸೋತಿದ್ದೀನಿ. ಬದಿಗೆ ಸರಿದು ಬದುಕ್ಕೊಳ್ಳಿ."